ಚಿಂಚೋಳಿಯ ಕಾಡಿನಲ್ಲಿ ಹಕ್ಕಿ ನೋಡುವುದು ಹೇಗೆ? ಹೊಸಬರಿಗೊಂದು ಸಮಗ್ರ ಮಾರ್ಗದರ್ಶಿ

ಕಲಬುರಗಿ ಎಂದರೆ ಬಿಸಿಲು, ತೊಗರಿ, ಶಹಾಬಾದ್ ಕಲ್ಲು ಎಂದಷ್ಟೇ ತಿಳಿದವರು ಬಹಳ ಮಂದಿ. ಇದೇ ಜಿಲ್ಲೆಯ ಈಶಾನ್ಯ ಮೂಲೆಯಲ್ಲಿ, ತೆಲಂಗಾಣದ ಗಡಿಗೆ ತಾಗಿಕೊಂಡು ತೇಗ, ದಿಂಡಲ, ಹೊನ್ನೆ, ಬಿದಿರುಗಳ ಕಾಡು ಹಬ್ಬಿದೆ ಎಂದರೆ ಜಿಲ್ಲೆಯವರೇ ಅಚ್ಚರಿಪಡುತ್ತಾರೆ. ಚಿಂಚೋಳಿ ವನ್ಯಜೀವಿಧಾಮ ಘೋಷಣೆಯಾದದ್ದು 2011ರಲ್ಲಿ. ವಿಸ್ತೀರ್ಣ ಸುಮಾರು 134 ಚದರ ಕಿಲೋಮೀಟರ್. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮ ಎಂಬ ಹೆಸರೂ ಇದಕ್ಕಿದೆ. ಹಕ್ಕಿ ನೋಡಬೇಕೆಂದರೆ ದಾಂಡೇಲಿಗೋ ನಾಗರಹೊಳೆಗೋ ಹೋಗಬೇಕು ಎಂದುಕೊಂಡವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮಲೆನಾಡಿನಲ್ಲಿ ಹಕ್ಕಿ ನೋಡುವ ಕ್ರಮ ಇಲ್ಲಿ ನಡೆಯುವುದಿಲ್ಲ. ಇದು ಎಲೆ ಉದುರಿಸುವ ಒಣ ಕಾಡು. ವರ್ಷದ ಅರ್ಧಭಾಗ ನೆಲದ ಮೇಲೆ ತರಗೆಲೆ ಹಾಸಿರುತ್ತದೆ. ಒಣಗಿದ ತೇಗದ ಎಲೆಯ ಮೇಲೆ ಒಂದು ಹೆಜ್ಜೆ ಇಟ್ಟರೆ ಸಾಕು, ಸುತ್ತಲಿನ ಹಕ್ಕಿಗಳಿಗೆಲ್ಲ ಸುದ್ದಿ ಮುಟ್ಟುತ್ತದೆ. ನೆರಳು, ನೀರು, ಹಣ್ಣು, ಹೂವು ಎಲ್ಲವೂ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಇರುವುದರಿಂದ ಹಕ್ಕಿಗಳೂ ಅಲ್ಲಿಗೇ ಬಂದು ಸೇರುತ್ತವೆ. ಆದ್ದರಿಂದ ಈ ಕಾಡಿನಲ್ಲಿ ಹಕ್ಕಿಯ ಹಿಂದೆ ಅಲೆಯಬೇಡಿ. ಅದು ಬರುವ ಜಾಗವನ್ನು ಗುರುತಿಸಿ, ಮೊದಲೇ ಹೋಗಿ ಕುಳಿತುಕೊಳ್ಳಿ. ಮುಂದೆ ಹೇಳುವುದೆಲ್ಲ ಇದೊಂದೇ ಮಾತಿನ ವಿವರ.

ಹೊರಡುವ ಮುನ್ನ: ದಾರಿ ಮತ್ತು ಅನುಮತಿ

ಕಲಬುರಗಿಯಿಂದ ಚಿಂಚೋಳಿಗೆ ಎಂಬತ್ತು ಕಿಲೋಮೀಟರಿಗೂ ತುಸು ಹೆಚ್ಚು ದೂರ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳಿವೆ. ಬೀದರಿನ ಕಡೆಯಿಂದ ಬರುವವರಿಗೂ ದಾರಿ ಸುಲಭ. ಚಿಂಚೋಳಿಯಿಂದ ಮುಂದೆ ಚಂದ್ರಂಪಳ್ಳಿ ಜಲಾಶಯ ಮತ್ತು ಎತ್ತಿಪೋತ ಜಲಪಾತದ ಸುತ್ತಿನ ಕಾಡು ಒಂದು ಕಡೆ, ಕುಂಚಾವರಂ ಕಾಡು ಇನ್ನೊಂದು ಕಡೆ. ಮೊದಲ ಸಲ ಹೋಗುವವರು ಚಂದ್ರಂಪಳ್ಳಿಯ ಕಡೆಗೆ ಹೋಗುವುದು ಒಳ್ಳೆಯದು. ಒಂದೇ ಕಡೆ ನೀರು, ದಂಡೆಯ ಹುಲ್ಲು, ಕುರುಚಲು, ಗುಡ್ಡದ ಇಳಿಜಾರಿನ ಕಾಡು ಎಲ್ಲವೂ ಸಿಗುತ್ತವೆ.

ಬೆಳಗಿನ ಮೊದಲ ಬಸ್ಸು ಹಿಡಿದು ಕಲಬುರಗಿಯಿಂದ ಹೊರಟರೆ ಕಾಡು ತಲುಪುವಷ್ಟರಲ್ಲಿ ಒಳ್ಳೆಯ ಹೊತ್ತು ಕಳೆದಿರುತ್ತದೆ. ಹಿಂದಿನ ಸಂಜೆಯೇ ಚಿಂಚೋಳಿ ತಲುಪಿ ಉಳಿದುಕೊಳ್ಳಿ. ಅದೇ ಸಂಜೆ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ, ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ಹೋಗಬಾರದು ಎಂದು ಕೇಳಿ ಅನುಮತಿ ಪಡೆಯಿರಿ. ವನ್ಯಜೀವಿಧಾಮದೊಳಗೆ ಅನುಮತಿಯಿಲ್ಲದೆ ಕಾಲಿಡುವುದು ಕಾನೂನಿಗೆ ವಿರುದ್ಧ. ಅದಕ್ಕಿಂತ ದೊಡ್ಡ ಮಾತೆಂದರೆ, ಕಾಡಿನ ಕಾವಲುಗಾರರಿಗೆ ಗೊತ್ತಿರುವಷ್ಟು ಯಾವ ಪುಸ್ತಕಕ್ಕೂ ಗೊತ್ತಿರುವುದಿಲ್ಲ. ಈ ವಾರ ಯಾವ ಆಲದ ಮರ ಹಣ್ಣಾಗಿದೆ, ಯಾವ ಹಳ್ಳದಲ್ಲಿ ಇನ್ನೂ ನೀರು ನಿಂತಿದೆ ಎನ್ನುವುದು ಅವರ ಬಾಯಲ್ಲೇ ಇರುತ್ತದೆ. ತಾಂಡಾಗಳ ಹಿರಿಯರೂ ಕುರಿಗಾಹಿಗಳೂ ಹಾಗೆಯೇ. "ಕಾಕಾ, ಮುಂಜಾನೆ ಹಕ್ಕಿ ನೀರಿಗೆ ಎಲ್ಲಿ ಇಳಿಯುತ್ತವೆ?" ಎಂದು ಕೇಳಿ ನೋಡಿ. ಕೈ ತೋರಿಸಿ ಹೇಳುವುದಷ್ಟೇ ಅಲ್ಲ, ಎಷ್ಟೋ ಸಲ ಜೊತೆಗೇ ಹೊರಡುತ್ತಾರೆ. ಕುಂಚಾವರಂ ಕಡೆ ತೆಲುಗು, ಲಂಬಾಣಿ ಮಾತು ಹೆಚ್ಚು. ಕನ್ನಡದಲ್ಲಿ ಕೇಳಿದರೂ ಉತ್ತರ ಸಿಗುತ್ತದೆ.

ಯಾವ ತಿಂಗಳು, ಯಾವ ಹೊತ್ತು

ನವೆಂಬರಿನಿಂದ ಮಾರ್ಚಿನವರೆಗಿನ ಕಾಲ ಹೊಸಬರಿಗೆ ಎಲ್ಲ ರೀತಿಯಿಂದಲೂ ಅನುಕೂಲ. ಚಳಿಗಾಲದಲ್ಲಿ ಊರಿನ ಹಕ್ಕಿಗಳ ಜೊತೆಗೆ ಉತ್ತರದಿಂದ ಬಂದ ಅತಿಥಿಗಳೂ ಇರುತ್ತವೆ. ಸಣ್ಣ ಸಣ್ಣ ಉಲಿಯಕ್ಕಿಗಳು, ಕೆಂಪುಗೊರಳಿನ ನೊಣಹಿಡುಕ, ಬೂದು ಕಾಜಾಣ, ಹೊಲದ ಮೇಲೆ ತಗ್ಗಿನಲ್ಲಿ ತೇಲುವ ಸೆಳೆವ ಎಲ್ಲವೂ ಆಗ ಸಿಗುತ್ತವೆ. ಫೆಬ್ರುವರಿಯ ಹೊತ್ತಿಗೆ ತೇಗ ಬೋಳಾಗಿ ಮರದ ತುದಿಯವರೆಗೂ ನೋಟ ಹರಿಯುತ್ತದೆ. ಆಗಲೇ ಮುತ್ತುಗ ಹೂಬಿಡುತ್ತದೆ. ನನ್ನನ್ನು ಕೇಳಿದರೆ ವರ್ಷದಲ್ಲಿ ಒಂದೇ ಸಲ ಹೋಗಲು ಸಾಧ್ಯವಿರುವವರು ಫೆಬ್ರುವರಿ ಕೊನೆಯ ವಾರವನ್ನೇ ಆರಿಸಿಕೊಳ್ಳಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಬೆಳಗಿನ ಎಂಟೂವರೆಯ ನಂತರ ಹಕ್ಕಿಯೂ ಇಲ್ಲ, ಮನುಷ್ಯನಿಗೂ ಕ್ಷೇಮವಿಲ್ಲ. ಆದರೆ ನೀರಿನ ಬಳಿ ಕೂರಬಲ್ಲವರಿಗೆ ಈ ಎರಡು ತಿಂಗಳು ಬೇರೆಯೇ ಫಲ ಕೊಡುತ್ತವೆ. ಅದನ್ನು ಮುಂದೆ ಹೇಳುತ್ತೇನೆ. ಜೂನ್‌ನಲ್ಲಿ ಮಳೆಯೊಂದಿಗೆ ಚಾತಕ ಬರುತ್ತದೆ, ನವಿಲು ಗರಿಗೆದರುತ್ತದೆ, ಕಾಡು ತುಂಬ ಕೂಗು. ಎಲೆ ದಟ್ಟವಾಗಿರುವುದರಿಂದ ಕಾಣುವುದು ಕಡಿಮೆ, ಕೇಳುವುದು ಹೆಚ್ಚು. ಅದು ಗೂಡು ಕಟ್ಟುವ ಕಾಲವೂ ಆದ್ದರಿಂದ ದೂರದಲ್ಲೇ ಇರಬೇಕು.

ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಆರೂಮುಕ್ಕಾಲರ ಆಸುಪಾಸಿನಲ್ಲಿ. ಮೇ ತಿಂಗಳಲ್ಲಿ ಆರಕ್ಕೂ ಮೊದಲೇ. ಹುಟ್ಟುವ ಹೊತ್ತಿಗೆ ನೀವು ಕುಳಿತಿರಬೇಕು. ಹುಟ್ಟಿದ ಮೇಲಿನ ಎರಡು ಗಂಟೆ, ಮುಳುಗುವ ಮುಂಚಿನ ಒಂದೂವರೆ ಗಂಟೆ ಚೆನ್ನಾಗಿ ಸಿಕ್ಕರೆ ದಿನ ಸಾರ್ಥಕ. ನಡುವಿನ ಹೊತ್ತು ಊಟಕ್ಕೆ, ನಿದ್ದೆಗೆ, ಟಿಪ್ಪಣಿಗೆ.

ದುರ್ಬೀನು: ಕೊಳ್ಳುವುದು, ಹೊಂದಿಸುವುದು, ಎತ್ತುವುದು

ದುರ್ಬೀನಿನ ಮೇಲೆ 8x42 ಎಂದು ಬರೆದಿದ್ದರೆ ಮೊದಲ ಅಂಕಿ ಅದು ಎಷ್ಟು ಪಟ್ಟು ಹತ್ತಿರ ತರುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ಕಾಡಿಗೆ 8x42 ಅಥವಾ 8x40 ಸಾಕು. ಹತ್ತು ಪಟ್ಟಿನದು ಇನ್ನೂ ಚೆನ್ನಾಗಿರಬಹುದು ಎನ್ನಿಸುತ್ತದೆ, ಆದರೆ ಅದು ಕೈನಡುಕವನ್ನೂ ಹತ್ತು ಪಟ್ಟು ಹಿಗ್ಗಿಸುತ್ತದೆ. ನೋಟದ ಹರವೂ ಕಿರಿದಾಗಿ, ಕೊಂಬೆಯಿಂದ ಕೊಂಬೆಗೆ ಜಿಗಿಯುವ ಪುಟ್ಟ ಹಕ್ಕಿ ತಪ್ಪಿಹೋಗುತ್ತದೆ. ಹತ್ತು ಸಾವಿರದೊಳಗೆ ಒಳ್ಳೆಯ ಆರಂಭದ ದುರ್ಬೀನು ಬರುತ್ತದೆ. ಜಾತ್ರೆಯಲ್ಲಿ ಮಾರುವ, ಕೆಂಪು ಬಣ್ಣದ ಗಾಜಿನವು ಬೇಡ.

ಕೊಂಡ ದಿನವೇ ಮನೆಯಲ್ಲಿ ಹೀಗೆ ಹೊಂದಿಸಿಕೊಳ್ಳಿ. ಎರಡು ಕೊಳವೆಗಳನ್ನು ಹತ್ತಿರ ದೂರ ಮಾಡಿ, ಎರಡು ವೃತ್ತಗಳು ಸೇರಿ ಒಂದೇ ವೃತ್ತ ಕಾಣುವಂತೆ ಮಾಡಿ. ಸ್ವಲ್ಪ ದೂರದ ಅಂಗಡಿಯ ಬೋರ್ಡಿನ ಅಕ್ಷರವೊಂದನ್ನು ಗುರಿ ಮಾಡಿ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಅಕ್ಷರ ಸ್ಪಷ್ಟವಾಗಿಸಿ. ಈಗ ಎಡಗಣ್ಣು ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಡೆಯ ಕಣ್ಣಿನ ಕೊಳವೆಯಲ್ಲಿರುವ ಉಂಗುರವನ್ನು ತಿರುಗಿಸಿ ಅದೇ ಅಕ್ಷರ ಸ್ಪಷ್ಟವಾಗಿಸಿ. ಆ ಉಂಗುರ ನಿಂತ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿಬಿಡಿ. ಇನ್ನು ಮುಂದೆ ನಡುವಿನ ಚಕ್ರವೊಂದೇ ನಿಮ್ಮ ಕೆಲಸ. ಕನ್ನಡಕ ಹಾಕುವವರು ಕಣ್ಣಿನ ಬಳಿಯ ರಬ್ಬರ್ ಬಟ್ಟಲನ್ನು ಒಳಕ್ಕೆ ಇಳಿಸಿಕೊಳ್ಳಬೇಕು, ಇಲ್ಲವಾದರೆ ಸುತ್ತಲೂ ಕಪ್ಪು ಕಟ್ಟುತ್ತದೆ.

ಎತ್ತುವ ರೀತಿಯೇ ನಿಜವಾದ ಅಭ್ಯಾಸ. ಹಕ್ಕಿ ಕಂಡೊಡನೆ ತಲೆ ತಗ್ಗಿಸಿ ದುರ್ಬೀನು ಹುಡುಕಬೇಡಿ. ಕಣ್ಣನ್ನು ಹಕ್ಕಿಯ ಮೇಲೆಯೇ ನೆಟ್ಟು, ದುರ್ಬೀನನ್ನು ಕಣ್ಣಿಗೆ ತನ್ನಿ. ಕಣ್ಣು ಅಲುಗದಿದ್ದರೆ ಹಕ್ಕಿ ಗಾಜಿನ ನಡುವೆಯೇ ಇರುತ್ತದೆ. ಮನೆಯ ಮಾಳಿಗೆಯ ಮೇಲೆ ನಿಂತು ಎದುರಿನ ತಂತಿಯ ಮೇಲೆ ಕುಳಿತ ಪಾರಿವಾಳ, ಕಾಗೆಗಳ ಮೇಲೆ ಇದನ್ನು ಕೈಗೆ ಬರುವವರೆಗೂ ಮಾಡಿ. ಸೂರ್ಯನ ಕಡೆಗೆ ಮಾತ್ರ ಎಂದಿಗೂ ತಿರುಗಿಸಬೇಡಿ, ಕಣ್ಣು ಹೋಗುತ್ತದೆ.

ಉಳಿದ ಸಾಮಾನು ಕಡಿಮೆ. ಮಾಸಿದ ಕಂದು, ಬೂದು, ಎಲೆಹಸಿರು ಬಣ್ಣದ ಬಟ್ಟೆ, ಕಾಲು ಮುಚ್ಚುವ ಬೂಟು, ಟೋಪಿ, ಕೂರಲು ಒಂದು ಚಾಪೆ ಚೂರು, ತಲಾ ಎರಡು ಲೀಟರಿಗೆ ಕಡಿಮೆಯಾಗದಂತೆ ನೀರು. ಬುತ್ತಿಗೆ ಧಪಾಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡರೆ ಕೈಯಲ್ಲೇ ತಿನ್ನಬಹುದು. ಬೂಟಿನ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೊಳಕುಮಂಡಲ, ಗರಗಸ ಮಂಡಲ ಎರಡೂ ಇರುವ ಸೀಮೆ ಇದು. ಕೂರುವ ಮುಂಚೆ ಆ ಜಾಗದ ತರಗೆಲೆಯನ್ನು ಕೋಲಿನಿಂದ ಸರಿಸಿ ನೋಡಿಕೊಂಡೇ ಕೂರಬೇಕು.

ಮೊದಲ ಪಾಠ ಮನೆಯಂಗಳದಲ್ಲಿ

ಕಾಡಿಗೆ ಹೋಗುವ ಮುಂಚೆ ಊರಿನ ಹತ್ತು ಹನ್ನೆರಡು ಹಕ್ಕಿಗಳು ಬಾಯಿಪಾಠದಂತೆ ಗೊತ್ತಿರಬೇಕು: ಗುಬ್ಬಿ, ಗೊರವಂಕ, ಪಿಕಳಾರ, ಬೆಳವ, ಕಾಜಾಣ, ಕಳ್ಳಿಪೀರ, ಸೂರಕ್ಕಿ, ಸಿಂಪಿಗ, ಮಡಿವಾಳ, ಕೆಂಬೂತ, ಟಿಟ್ಟಿಭ, ಗಿಳಿ. ಇವು ಗೊತ್ತಿದ್ದರೆ ಕಾಡಿನಲ್ಲಿ ಹೊಸ ಹಕ್ಕಿ ಕಂಡಾಗ ಅಳತೆಗೋಲು ಸಿಕ್ಕಂತೆ. "ಗುಬ್ಬಿಗಿಂತ ಚಿಕ್ಕದು, ಕಾಜಾಣದಷ್ಟೇ ಉದ್ದದ ಬಾಲ" ಎಂದು ಹೇಳಿಕೊಳ್ಳಬಹುದು. ಕಲಬುರಗಿಯ ಶರಣಬಸವೇಶ್ವರ ಕೆರೆಯ ದಂಡೆ, ಊರಂಚಿನ ಬೇವಿನ ಮರಗಳ ಸಾಲು, ಹೊಲದ ಬದು ಇದಕ್ಕೆ ಸಾಕು. ದಸರೆಯ ಹೊತ್ತಿಗೆ ಹೊಲದ ತಂತಿಗಳ ಮೇಲೆ ಕೂರುವ ನೀಲಕಂಠವನ್ನು ಗಮನಿಸಿ. ನಮ್ಮ ರಾಜ್ಯಪಕ್ಷಿ ಅದೇ. ಕುಳಿತಾಗ ಮಂಕು ಕಂದು, ಹಾರಿದಾಗ ರೆಕ್ಕೆಯಲ್ಲಿ ಎರಡು ಬಗೆಯ ನೀಲಿ. ಹಕ್ಕಿಯನ್ನು ಹಾರುವಾಗಲೂ ನೋಡಬೇಕು ಎನ್ನುವುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಹಕ್ಕಿ ಇಲ್ಲ.

ಕಾಡಿನೊಳಗೆ: ಮೊದಲು ಕಿವಿ

ಬೆಳಕು ಹರಿಯುವ ಮುಂಚೆ ದಾರಿಯ ಬದಿಯ ತೆರವಿನಲ್ಲಿ, ಬೆನ್ನಿಗೆ ದಪ್ಪ ಮರವೊಂದಿರುವ ಹಾಗೆ, ಸೂರ್ಯ ನಿಮ್ಮ ಹಿಂದೆ ಬರುವ ಹಾಗೆ ಕುಳಿತುಕೊಳ್ಳಿ. ಸೂರ್ಯ ಎದುರಿಗಿದ್ದರೆ ಎಲ್ಲ ಹಕ್ಕಿಯೂ ಕಪ್ಪಗೇ ಕಾಣುತ್ತದೆ. ಕುಳಿತ ಮೇಲೆ ಹದಿನೈದು ಇಪ್ಪತ್ತು ನಿಮಿಷ ಏನೂ ಮಾಡಬೇಡಿ. ನೀವು ಬಂದದ್ದರಿಂದ ಸುಮ್ಮನಾದ ಕಾಡು ಮತ್ತೆ ಮಾತಿಗೆ ತೊಡಗಲು ಅಷ್ಟು ಹೊತ್ತು ಬೇಕು.

ಕತ್ತಲು ಪೂರ್ತಿ ಕಳೆಯುವ ಮುಂಚೆ ನತ್ತಿಂಗದ 'ಚಕ್ ಚಕ್ ಚಕ್ ಚಕ್ರ್ರ್' ನೆಲದಿಂದ ಬರುತ್ತದೆ. ಮರದ ಪೊಟರೆಯ ಬಾಯಲ್ಲಿ ಹಾಲಕ್ಕಿ ಎಂಬ ಪುಟ್ಟ ಗೂಬೆಗಳ ಜೋಡಿಯ ಚಿರಿಪಿರಿ ಜಗಳ. ಬೆಳಕಾಗುತ್ತಲೇ ಗೌಜಲಕ್ಕಿಗಳು ಕುರುಚಲಿನಿಂದ ಒಂದರ ಮೇಲೊಂದು ಕೂಗುತ್ತವೆ. ಒಂದು ಕೂಗಿದರೆ ಗುಡ್ಡದ ಆಚೆಯದು ಉತ್ತರ ಕೊಡುತ್ತದೆ. ಕಂಚುಕುಟಿಗದ 'ಟುಕ್ ಟುಕ್ ಟುಕ್' ಬಿಸಿಲೇರಿದಷ್ಟೂ ನಿಲ್ಲದೆ ಸಾಗುತ್ತದೆ. ಕೂಗುವಾಗ ಅದು ತಲೆಯನ್ನು ಅತ್ತಿತ್ತ ತಿರುಗಿಸುವುದರಿಂದ ಸದ್ದು ಎಲ್ಲಿಂದ ಬರುತ್ತಿದೆ ಎಂದು ತಿಳಿಯುವುದೇ ಇಲ್ಲ. ಎಲೆಯಿಲ್ಲದ ತುದಿಕೊಂಬೆಗಳನ್ನು ಹುಡುಕಿ, ಅಲ್ಲೇ ಇರುತ್ತದೆ. ಬೇಸಿಗೆಯ ಬಿಸಿಲಿನಲ್ಲಿ, ಬೆಳದಿಂಗಳ ರಾತ್ರಿಯಲ್ಲೂ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಹೋಗಿ ಥಟ್ಟನೆ ನಿಲ್ಲುವ ಕೂಗು ಕೋಗಿಲೆ ಚಾಣದ್ದು. ಉದ್ದಕ್ಕೆ ಎಳೆದು ಕೊನೆಗೆ ಕೆಳಕ್ಕಿಳಿಯುವ ಇಂಪಾದ ಶಿಳ್ಳೆ ಕೇಳಿದರೆ ಮಧುರಕಂಠ. ಮಟಪಕ್ಷಿ ಮಾತ್ರ ಒಮ್ಮೆ ಕರ್ಕಶವಾಗಿ, ಮರುಗಳಿಗೆಗೆ ಗಂಟೆಯ ನಾದದಲ್ಲಿ ಕೂಗಿ ಎರಡು ಹಕ್ಕಿಗಳಿವೆ ಎನ್ನಿಸುತ್ತದೆ.

ಮೊಬೈಲಿನಲ್ಲಿ ಮರ್ಲಿನ್ ಎಂಬ ಆ್ಯಪ್ ಇದ್ದರೆ ಕೂಗನ್ನು ಕೇಳಿ ಹೆಸರು ಸೂಚಿಸುತ್ತದೆ. ಕಾಡಿನಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳುವಂತಿಲ್ಲ, ಆದ್ದರಿಂದ ಭಾರತದ ಹಕ್ಕಿಗಳ ಪ್ಯಾಕ್ ಅನ್ನು ಊರಿನಲ್ಲೇ ಇಳಿಸಿಕೊಳ್ಳಿ. ಅದು ಹೇಳಿದ ಹೆಸರನ್ನು ಸುಳಿವು ಎಂದು ತೆಗೆದುಕೊಳ್ಳಿ, ತೀರ್ಪು ಎಂದಲ್ಲ. ಹಕ್ಕಿಯನ್ನು ಕಣ್ಣಾರೆ ಕಂಡು ಹೊಂದಿಸಿಕೊಂಡಾಗಲೇ ಆ ಕೂಗು ನಿಮ್ಮದಾಗುತ್ತದೆ.

ಬೇಟೆಗಾರರ ಗುಂಪು

ಹೊಸಬರು ಒಣ ಕಾಡಿನಲ್ಲಿ ಮೊದಲ ಒಂದು ಗಂಟೆ ಏನೂ ಕಾಣದೆ "ಇಲ್ಲಿ ಹಕ್ಕಿಯೇ ಇಲ್ಲ" ಎಂದು ಎದ್ದುಬಿಡುತ್ತಾರೆ. ಅವರು ಎದ್ದ ಹತ್ತು ನಿಮಿಷಕ್ಕೆ ಇಡೀ ಮರ ತುಂಬುವುದುಂಟು. ಅಕ್ಟೋಬರಿನಿಂದ ಫೆಬ್ರುವರಿಯವರೆಗೆ, ಗೂಡಿನ ಕೆಲಸ ಇಲ್ಲದ ಕಾಲದಲ್ಲಿ, ಬೇರೆ ಬೇರೆ ಜಾತಿಯ ಹಕ್ಕಿಗಳು ಕೂಡಿಕೊಂಡು ಹುಳು ಹುಡುಕುತ್ತ ಕಾಡಿನಲ್ಲಿ ಸಾಗುತ್ತವೆ. ಹೆಚ್ಚು ಕಣ್ಣುಗಳಿದ್ದರೆ ಬಿಜ್ಜು ಎಂಬ ಬೇಟೆಹಕ್ಕಿ ಬಂದದ್ದು ಬೇಗ ತಿಳಿಯುತ್ತದೆ. ಒಂದು ಹಕ್ಕಿ ಎಬ್ಬಿಸಿದ ಹುಳು ಇನ್ನೊಂದರ ಬಾಯಿಗೆ ಬೀಳುತ್ತದೆ. ಇಂಥ ಗುಂಪೊಂದು ನಿಮ್ಮ ಮರದ ಮೇಲೆ ಹಾದುಹೋಗಲು ಐದರಿಂದ ಹತ್ತು ನಿಮಿಷ ತೆಗೆದುಕೊಳ್ಳುತ್ತದೆ. ಈ ಕಾಡಿನ ಹಕ್ಕಿಗಳಲ್ಲಿ ಬಹುಪಾಲು ಆ ಹತ್ತು ನಿಮಿಷದಲ್ಲೇ ಕಾಣಸಿಗುತ್ತವೆ.

ಬರುವ ಸೂಚನೆ ಹೀಗಿರುತ್ತದೆ. ಮೊದಲು ದೂರದಲ್ಲಿ ಹರಟೆಮಲ್ಲಗಳ ಗದ್ದಲ. ಅವು ನೆಲದಲ್ಲಿ ತರಗೆಲೆ ಎತ್ತಿ ಒಗೆಯುತ್ತ ಬರುತ್ತವೆ. ಅವುಗಳ ಮೇಲೆ ನಡುಕೊಂಬೆಯಲ್ಲಿ ಕಾಜಾಣ ಕುಳಿತಿರುತ್ತದೆ. ಇಲ್ಲಿ ಹೊಲದ ಕಪ್ಪು ಕಾಜಾಣಕ್ಕಿಂತ ಬಿಳಿಹೊಟ್ಟೆಯ ಕಾಜಾಣವನ್ನು ನಿರೀಕ್ಷಿಸಿ. ಹರಟೆಮಲ್ಲ ಎಬ್ಬಿಸಿದ ಚಿಟ್ಟೆಯನ್ನು ಅದು ಗಾಳಿಯಲ್ಲೇ ಹಿಡಿದು ಅದೇ ಕೊಂಬೆಗೆ ಮರಳುತ್ತದೆ. ಅದರ ಹಿಂದೆಯೇ ತೊಗಟೆಯ ಮೇಲೆ ಸುಣ್ಣಬಣ್ಣದ ಕೆನ್ನೆಯ ಚೇಕಡಿ, ಎಲೆಯ ಅಡಿಯಲ್ಲಿ ಮಧುರಕಂಠ, ತುದಿಯಲ್ಲಿ ಒಂದರ ಹಿಂದೊಂದು ಹಾರುವ ಚಿಕ್ಕ ಚಿತ್ರಪಕ್ಷಿಗಳು. ಬಿಳಿಹುಬ್ಬಿನ ಬೀಸಣಿಗೆ ನೊಣಹಿಡುಕ ಬಂದರೆ ಅದನ್ನೇ ಪೂರ್ತಿ ನೋಡಿ. ಅಡ್ಡಕೊಂಬೆಯ ಮೇಲೆ ನಡೆಯುತ್ತ, ಬಾಲವನ್ನು ಅಗಲಕ್ಕೆ ಬಿಚ್ಚಿ ಮೈಯನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತದೆ. ಆ ಚಲನೆಗೆ ಹೆದರಿ ಎದ್ದ ಹುಳುವನ್ನು ಮುಂದಿನ ಕ್ಷಣದಲ್ಲಿ ಹಿಡಿಯುತ್ತದೆ.

ಇಷ್ಟು ಹಕ್ಕಿಗಳು ಒಟ್ಟಿಗೆ ಬಂದಾಗ ದುರ್ಬೀನನ್ನು ಒಂದರಿಂದ ಇನ್ನೊಂದಕ್ಕೆ ಓಡಿಸಿದರೆ ಒಂದೂ ದಕ್ಕುವುದಿಲ್ಲ. ಮರವನ್ನು ನೆಲ, ಕಾಂಡ, ನಡುಕೊಂಬೆ, ತುದಿ ಎಂದು ನಾಲ್ಕು ಪಾಲು ಮಾಡಿಕೊಳ್ಳಿ. ಒಂದೊಂದು ಪಾಲಿಗೆ ಒಂದೆರಡು ನಿಮಿಷ. ಜೊತೆಯಲ್ಲಿ ಗೆಳೆಯರಿದ್ದರೆ ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಜಾಗ ಹೇಳಿಕೊಳ್ಳಿ: ಮರದ ತುದಿ ಹನ್ನೆರಡು ಗಂಟೆ, ಬಲಗಡೆಯ ಅಡ್ಡಕೊಂಬೆ ಮೂರು ಗಂಟೆ. ಬೆರಳು ಚಾಚಿ ತೋರಿಸಿದರೆ ಹಕ್ಕಿ ಹಾರಿಹೋಗುತ್ತದೆ. ಗುಂಪು ಮುಂದೆ ಸಾಗಿದರೆ ಹಿಂದೆ ಬೀಳಬೇಡಿ. ಹಲವು ಸಲ ಅದೇ ದಾರಿಯಲ್ಲಿ ಮರಳುತ್ತದೆ.

ಹರಟೆಮಲ್ಲಗಳು ಒಮ್ಮೆಲೇ ದನಿ ಬದಲಿಸಿ ಕಿರುಚತೊಡಗಿದರೆ ಎಲ್ಲವೂ ಎತ್ತ ನೋಡುತ್ತಿವೆ ಎಂದು ನೋಡಿ. ಅಲ್ಲೊಂದು ಬಿಜ್ಜು, ಗೂಬೆ, ಹಾವು ಅಥವಾ ಕಾಡುಬೆಕ್ಕು ಇದ್ದೇ ಇರುತ್ತದೆ.

ಯಾವ ಮರದ ಕೆಳಗೆ ಕೂರಬೇಕು

ಹಣ್ಣಾದ ಆಲ, ಅರಳಿ, ಅತ್ತಿ ಸಿಕ್ಕರೆ ಬೇರೆಲ್ಲೂ ಹೋಗಬೇಡಿ. ಕಂಚುಕುಟಿಗ, ಕೋಗಿಲೆ, ಹೊನ್ನಕ್ಕಿ, ಗೊರವಂಕ, ಪಿಕಳಾರ, ಗಿಳಿ ಎಲ್ಲವೂ ಸರದಿಯಲ್ಲಿ ಬರುತ್ತವೆ. ಹೂಬಿಟ್ಟ ಮುತ್ತುಗ ಮತ್ತು ಬೂರುಗಕ್ಕೆ ಮಕರಂದ ಕುಡಿಯುವವರೇ ಅಲ್ಲ, ಆ ಹೂವಿಗೆ ಬರುವ ಹುಳು ತಿನ್ನುವವರೂ ಬರುತ್ತಾರೆ. ಮುತ್ತುಗದ ಒಂದು ಗೊಂಚಲನ್ನೇ ಗುರಿ ಮಾಡಿಕೊಂಡು ನೋಡಿ. ಸೂರಕ್ಕಿ ಬಂದು ಹೂವಿನ ಬುಡಕ್ಕೆ ಕೊಕ್ಕು ಚುಚ್ಚುತ್ತದೆ. ಗೊರವಂಕ ಮುಖವನ್ನೇ ಒಳಗಿಟ್ಟು ಹಣೆಯ ತುಂಬ ಪರಾಗ ಮೆತ್ತಿಕೊಂಡು ಹೊರಬರುತ್ತದೆ. ಗಿಳಿ ಹೂವನ್ನೇ ಕಿತ್ತು ಬುಡ ಕಚ್ಚಿ ಕೆಳಗೆ ಎಸೆಯುತ್ತದೆ. ಮರದಡಿಯಲ್ಲಿ ಬಿದ್ದ ಹೂಗಳನ್ನು ಎತ್ತಿ ನೋಡಿದರೆ ಯಾರು ಬಂದಿದ್ದರು ಎನ್ನುವುದು ತಿಳಿಯುತ್ತದೆ.

ಒಣಗಿ ನಿಂತ ಮರ ಇನ್ನೊಂದು ಒಳ್ಳೆಯ ಜಾಗ. ಹೊಂಬೆನ್ನಿನ ಮರಕುಟಿಗ ಕಾಂಡವನ್ನು ಸುತ್ತುತ್ತ ಮೇಲೇರುವುದನ್ನು ಅಲ್ಲಿ ಬಿಡಿಸಿ ನೋಡಬಹುದು. ಎರಡು ಬೆರಳು ಮುಂದೆ, ಎರಡು ಹಿಂದೆ, ಗಡುಸಾದ ಬಾಲದ ಗರಿಗಳು ತೊಗಟೆಗೆ ಆನಿಕೊಂಡು ಮೂರನೆಯ ಕಾಲಿನ ಕೆಲಸ ಮಾಡುತ್ತವೆ. ಅದು ಕೊರೆದು ಬಿಟ್ಟ ಪೊಟರೆಯಲ್ಲಿ ಮುಂದೆ ಗಿಳಿ, ಗೊರವಂಕ, ಹಾಲಕ್ಕಿ ಸಂಸಾರ ಹೂಡುತ್ತವೆ. ಒಣಮರ ಎಂದು ಸೌದೆಗೆ ಕಡಿದರೆ ಎಷ್ಟು ಮನೆಗಳು ಹೋದವು ಎಂದು ಲೆಕ್ಕ ಹಾಕಿ.

ಹಳ್ಳದ ಬದಿಯ ದಟ್ಟ ನೆರಳು ಅಕ್ಟೋಬರಿನಲ್ಲೂ ಮೇ ತಿಂಗಳ ಸುಮಾರಿಗೂ ನೋಡಬೇಕಾದ ತಾಣ. ದಕ್ಷಿಣಕ್ಕೆ ಬರುವಾಗ, ಮರಳಿ ಉತ್ತರಕ್ಕೆ ಹೋಗುವಾಗ ನವರಂಗ ಇಂಥಲ್ಲಿ ತಂಗುತ್ತದೆ. ಬಾಲವೇ ಇಲ್ಲದಂತೆ ಕಾಣುವ, ಹಸಿರು, ನೀಲಿ, ಕೆಂಪು, ಕಪ್ಪು ತುಂಬಿದ ಹಕ್ಕಿ ನೆರಳಿನ ನೆಲದಲ್ಲಿ ಎಲೆ ಮಗುಚುತ್ತಿದ್ದರೂ ಕಣ್ಣಿಗೆ ಬೀಳುವುದು ಕಷ್ಟ. ಎಲೆ ಅಲುಗುವ ಸದ್ದನ್ನೇ ಹಿಡಿಯಬೇಕು. ರಾಜಹಕ್ಕಿಗೂ ಇಂಥ ನೆರಳೇ ಇಷ್ಟ. ಉದ್ದ ಬಾಲದ ಗಂಡುಗಳಲ್ಲಿ ಕೆಂಗಂದು ಬಣ್ಣದವೂ ಇವೆ, ಬೆಳ್ಳನೆಯವೂ ಇವೆ. ಎರಡೂ ಒಂದೇ ಜಾತಿ.

ಬೇಸಿಗೆಯಲ್ಲಿ ನೀರು

ಏಪ್ರಿಲ್ ಹೊತ್ತಿಗೆ ಹಳ್ಳಗಳು ಬತ್ತಿ, ಅಲ್ಲಲ್ಲಿ ಮಡುಗಳು ಉಳಿಯುತ್ತವೆ. ಅಂಥ ಮಡುವಿನಿಂದ ಕನಿಷ್ಠ ಮೂವತ್ತು ಹೆಜ್ಜೆ ದೂರದಲ್ಲಿ, ಪೊದೆಯ ಮರೆಯಲ್ಲಿ, ಗಾಳಿ ನೀರಿನ ಕಡೆಯಿಂದ ನಿಮ್ಮ ಕಡೆಗೆ ಬೀಸುವಂತೆ ಕುಳಿತುಕೊಳ್ಳಿ. ಗಾಳಿಯ ಮಾತು ಹಕ್ಕಿಗಾಗಿ ಅಲ್ಲ, ನೀರಿಗೆ ಬರುವ ಪ್ರಾಣಿಗಳಿಗಾಗಿ. ತೋಳ, ಕತ್ತೆಕಿರುಬ, ನರಿ ಇರುವ ಕಾಡಿದು. ಹಕ್ಕಿ ನೇರವಾಗಿ ನೀರಿಗೆ ಇಳಿಯುವುದಿಲ್ಲ. ಮೊದಲು ದೂರದ ಮರ, ಆಮೇಲೆ ಹತ್ತಿರದ ಪೊದೆ, ಆಮೇಲೆ ನೀರಂಚಿನ ಕಲ್ಲು. ಆ ಪೊದೆಯ ಮೇಲೆ ಕಣ್ಣಿಟ್ಟರೆ ಹಕ್ಕಿಯನ್ನು ಸಾವಧಾನವಾಗಿ ನೋಡಬಹುದು.

ಒಂದು ವಿಷಯವನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ಆ ಪ್ರದೇಶಕ್ಕೆಲ್ಲ ಉಳಿದದ್ದು ಅದೊಂದೇ ಮಡುವಾಗಿದ್ದರೆ ಅಲ್ಲಿ ಗಂಟೆಗಟ್ಟಲೆ ಕೂರಬೇಡಿ. ನಿಮ್ಮನ್ನು ಕಂಡು ಕೆಳಗಿಳಿಯದೆ ಬಾಯಿ ತೆರೆದುಕೊಂಡು ಕೊಂಬೆಯಲ್ಲಿ ಕುಳಿತ ಹಕ್ಕಿಗೆ ನೀರಡಿಕೆಯಾಗಿದೆ. ಅದನ್ನು ಕಂಡೊಡನೆ ಎದ್ದುಬನ್ನಿ.

ಹೆಸರು ಹಚ್ಚುವುದು

ಬಣ್ಣ ಕೊನೆಗೆ. ಮೊದಲು ಗಾತ್ರ, ಆಕಾರ, ಕೊಕ್ಕು, ಬಾಲ, ನಡೆ. ಬಣ್ಣ ಬೆಳಕಿನೊಂದಿಗೆ ಬದಲಾಗುತ್ತದೆ, ಕೊಕ್ಕು ಬದಲಾಗುವುದಿಲ್ಲ. ಇದಕ್ಕೆ ಒಳ್ಳೆಯ ಉದಾಹರಣೆ ಬಿಜ್ಜು ಮತ್ತು ಕೋಗಿಲೆ ಚಾಣ. ಎರಡೂ ಹೆಚ್ಚು ಕಡಿಮೆ ಒಂದೇ ಗಾತ್ರ, ಬೆನ್ನು ಬೂದು, ಎದೆಯಲ್ಲಿ ಕೆಂಗಂದು, ಬಾಲಕ್ಕೆ ಪಟ್ಟೆ. ಹಾರುವ ರೀತಿ, ಮರಕ್ಕೆ ಏರಿ ಕೂರುವ ರೀತಿ ಎಲ್ಲ ಒಂದೇ. ಕೊಕ್ಕು ನೋಡಿ: ಬಿಜ್ಜುವಿನದು ಗಿಡ್ಡ, ಬುಡದಿಂದಲೇ ಬಾಗಿದ ಕೊಂಡಿ. ಕೋಗಿಲೆ ಚಾಣದ್ದು ನೇರ, ತೆಳ್ಳಗೆ, ತುದಿಯಲ್ಲಿ ಮಾತ್ರ ತುಸು ಬಾಗು, ಕಣ್ಣಿನ ಸುತ್ತ ಹಳದಿ ಉಂಗುರ. ಕೋಗಿಲೆ ಚಾಣ ಹರಟೆಮಲ್ಲದ ಗೂಡಿನಲ್ಲಿ ಮೊಟ್ಟೆಯಿಡುವ ಹಕ್ಕಿ. ಬಿಜ್ಜುವಿನಂತೆ ಕಾಣುವ ಈ ರೂಪಕ್ಕೆ ಗೂಡಿನ ಹಕ್ಕಿಗಳು ಹೆದರುವುದು ಅದಕ್ಕೆ ಆಗ ನೆರವಾಗುತ್ತದೆ.

ಗಿಳಿಗಳಲ್ಲಿ ಊರಿನ ಗಿಳಿಯ ಬಾಲದ ತುದಿ ಹಳದಿಯತ್ತ ವಾಲುತ್ತದೆ. ಬಾಲದ ತುದಿ ಬೆಳ್ಳಗಿದ್ದರೆ ಅದು ಕಾಡಿನ ಕೆಂದಲೆ ಗಿಳಿ, ಗಂಡಿಗೆ ಪ್ಲಮ್ ಹಣ್ಣಿನ ಬಣ್ಣದ ತಲೆ. ಮರಕುಟಿಗಗಳಲ್ಲಿ ಬೆನ್ನು ಬಂಗಾರದ ಬಣ್ಣವಾಗಿದ್ದರೆ ಹೊಂಬೆನ್ನಿನದು. ಬೆನ್ನು ಕಂದಾಗಿ ಬಿಳಿ ಚುಕ್ಕೆಗಳಿದ್ದು ನೆತ್ತಿ ಹಳದಿಯಾಗಿದ್ದರೆ ಮರಾಠಾ ಮರಕುಟಿಗ, ಒಣ ಕಾಡಿನ ಹಕ್ಕಿ. ಚಳಿಗಾಲದ ಉಲಿಯಕ್ಕಿಗಳ ಹೆಸರಿಗಾಗಿ ಮೊದಲ ವರ್ಷ ತಲೆಕೆಡಿಸಿಕೊಳ್ಳಬೇಡಿ. "ಉಲಿಯಕ್ಕಿ" ಎಂದಷ್ಟೇ ಬರೆದುಕೊಂಡರೆ ಯಾವ ಕುಂದೂ ಇಲ್ಲ.

ಬರೆದಿಡುವುದು

ಕಿಸೆಗೆ ಹಿಡಿಯುವ ನೋಟುಬುಕ್ಕು, ಸೀಸದ ಕಡ್ಡಿ. ದಿನಾಂಕ, ಹೊತ್ತು, ಜಾಗ, ಮರ, ಹಕ್ಕಿ, ಎಷ್ಟು, ಏನು ಮಾಡುತ್ತಿತ್ತು. ಗೊತ್ತಾಗದ ಹಕ್ಕಿಗೆ ಒಂದು ಗೀಟಿನ ಚಿತ್ರ ಬಿಡಿಸಿ, ಎಲ್ಲಿ ಯಾವ ಬಣ್ಣ ಎಂದು ಬಾಣ ಹಾಕಿ. ಪುಸ್ತಕ ತೆರೆಯುವುದು ಆಮೇಲೆ. ಮೊದಲೇ ಪುಸ್ತಕ ನೋಡಿದರೆ ಕಂಡದ್ದರ ಜಾಗದಲ್ಲಿ ಪುಸ್ತಕದ ಚಿತ್ರ ಬಂದು ಕೂರುತ್ತದೆ.

ಊರಿಗೆ ಮರಳಿದ ಮೇಲೆ ಇ-ಬರ್ಡ್ ಜಾಲತಾಣದಲ್ಲಿ ಪಟ್ಟಿ ಸೇರಿಸಿ. ಎಷ್ಟು ಹೊತ್ತು ನೋಡಿದಿರಿ, ಎಷ್ಟು ದೂರ ನಡೆದಿರಿ ಎನ್ನುವುದನ್ನೂ, ಕಾಗೆ ಗುಬ್ಬಿ ಬಿಡದೆ ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆಯಿರಿ. ಪಶ್ಚಿಮ ಘಟ್ಟದಿಂದ ಹೋಗುವ ಪಟ್ಟಿಗಳ ರಾಶಿಯ ಮುಂದೆ ನಮ್ಮ ಕಡೆಯಿಂದ ಹೋಗುವುದು ಬಹಳ ಕಡಿಮೆ. ಚಿಂಚೋಳಿಯಲ್ಲಿ ಯಾವ ತಿಂಗಳು ಯಾವ ಹಕ್ಕಿ ಇರುತ್ತದೆ ಎನ್ನುವುದನ್ನು ನಮ್ಮೂರಿನ ಕಾಲೇಜು ಹುಡುಗ ಹುಡುಗಿಯರೇ ಬರೆದು ತುಂಬಿಸಬೇಕು.

ಮಾಡಬಾರದ ಕೆಲಸಗಳು

ಹಕ್ಕಿಯನ್ನು ಹತ್ತಿರ ಕರೆಯಲು ಮೊಬೈಲಿನಲ್ಲಿ ಅದರ ಕೂಗು ಹಾಕಬೇಡಿ. ತನ್ನ ಜಾಗಕ್ಕೆ ವೈರಿ ಬಂದ ಎಂದು ತಿಳಿದು ಅದು ಮರಿಗೆ ಉಣಿಸುವುದನ್ನು ಬಿಟ್ಟು ಓಡಿಬರುತ್ತದೆ. ಗೂಡಿನ ಚಿತ್ರ ತೆಗೆಯಬೇಡಿ, ಚಿತ್ರಕ್ಕಾಗಿ ಎಲೆ ಕೊಂಬೆ ಸವರಬೇಡಿ. ನೀವು ಸವರಿದ ಕಿಂಡಿಯಿಂದಲೇ ಕಾಗೆ, ಮಟಪಕ್ಷಿ ಗೂಡು ನೋಡುತ್ತವೆ. ಗೂಬೆಗಳ ಪೊಟರೆ ಎಲ್ಲಿದೆ ಎಂದು ಯಾರಿಗೂ ಹೇಳಬೇಡಿ, ಮೊಬೈಲ್ ಗುಂಪುಗಳಲ್ಲಿ ಹಾಕಬೇಡಿ. ಮಾಟ, ನಿಧಿ ಎಂದು ಗೂಬೆ ಹಿಡಿಯುವವರು ಈಗಲೂ ಇದ್ದಾರೆ. ಬೇಸಿಗೆಯಲ್ಲಿ ಬೀಡಿಯ ಒಂದು ಕಿಡಿಗೆ ತರಗೆಲೆಯ ಕಾಡು ಹೊತ್ತಿಕೊಳ್ಳುತ್ತದೆ. ಬೆಂಕಿಪೊಟ್ಟಣವನ್ನು ಜೊತೆಗೆ ತರಲೇಬೇಡಿ.

ಸಂತೆಯಲ್ಲಿ ಗಿಳಿಮರಿ ಮಾರುವುದನ್ನು, ಗೌಜಲಕ್ಕಿಗೆ ಉರುಲು ಒಡ್ಡಿದ್ದನ್ನು ಕಂಡರೆ ನೀವೇ ಜಗಳಕ್ಕೆ ನಿಲ್ಲಬೇಡಿ. ನಮ್ಮ ನಾಡಿನ ಯಾವುದೇ ಗಿಳಿಯನ್ನು ಹಿಡಿಯುವುದೂ ಮಾರುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಜ್ಯಾಮಿತಿ ಪೆಟ್ಟಿಗೆಯಲ್ಲಿ ಹಣ ಕೂಡಿಸಿ ಗಿಳಿ ಕೊಳ್ಳುವ ಮಕ್ಕಳಿಗೆ ಇದನ್ನು ಹೇಳುವವರಿಲ್ಲ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಜಾಗ ಮತ್ತು ಹೊತ್ತು ತಿಳಿಸಿ.

ಮರಳುವ ದಾರಿ, ಮುಂದಿನ ಸಲ

ಚಳಿಗಾಲದ ಸಂಜೆ ಚಿಂಚೋಳಿಯಿಂದ ಮರಳುವಾಗ ಬಸ್ಸಿನ ಕಿಟಕಿಯ ಬದಿ ಹಿಡಿಯಿರಿ. ಜೋಳದ ಹೊಲಗಳ ಮೇಲೆ ಗುಲಾಬಿ ಕಬ್ಬಕ್ಕಿಗಳ ಹಿಂಡು ತಿರುಗುವ ಹೊತ್ತು ಅದು. ಮಧ್ಯ ಏಷ್ಯಾದ ಕಡೆಯಿಂದ ಬರುವ ಅವು ಜೋಳದ ತೆನೆಗೂ ಇಳಿಯುತ್ತವೆ, ಹೊಲದ ಮಿಡತೆಯನ್ನೂ ತಿನ್ನುತ್ತವೆ.

ಕೊಕ್ಕರೆ, ಬಾತು ನೋಡುವ ಆಸೆಯಿದ್ದರೆ ಯಾದಗಿರಿ ಜಿಲ್ಲೆಯ ಬೋನಾಳ ಕೆರೆಗೂ ಬೀದರಿನ ಕಾರಂಜಾ ಜಲಾಶಯಕ್ಕೂ ಹೋಗಿ. ಆದರೆ ಎರಡನೆಯ ಪ್ರವಾಸ ಮತ್ತೆ ಚಿಂಚೋಳಿಗೇ ಆಗಲಿ, ಬೇರೆ ತಿಂಗಳಲ್ಲಿ, ಅದೇ ಮರದ ಕೆಳಗೆ. ಹಿಂದಿನ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಆಗ ಇದ್ದು ಈಗ ಇಲ್ಲದ ಹಕ್ಕಿಗೆ ಸುತ್ತು ಹಾಕಿ, ಹೊಸದಾಗಿ ಬಂದದ್ದಕ್ಕೆ ಗೀಟೆಳೆಯಿರಿ. ನಾಲ್ಕು ಋತುಗಳ ನಾಲ್ಕು ಪಟ್ಟಿ ಸೇರಿದ ಮೇಲೆ ಒಂದು ಪ್ರತಿ ಮಾಡಿಸಿ ಚಿಂಚೋಳಿಯ ಅರಣ್ಯ ಕಚೇರಿಗೆ ಕೊಡಿ, ಇನ್ನೊಂದನ್ನು ಹತ್ತಿರದ ಸರ್ಕಾರಿ ಶಾಲೆಗೆ.